ಪ ಸರೀನಾ, ಮ ಸರೀನಾ?

📌 1/7

ಈ ಸೀರೀಸ್ ಒಂದು ಕ್ಷಮೆಯಿಂದ ಶುರು ಮಾಡ್ತಿದ್ದೀನಿ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಬೇಸಿಗೆ ರಜೆಗೆ ನಮ್ಮ ಚಿಕ್ಕಮ್ಮನ ಮಗಳು ಮೈಸೂರಿಂದ ಭೇರ್ಯಕ್ಕೆ ಬಂದಿದ್ಲು. ಹನ್ನೆರಡು ವರ್ಷ. ನಾವೆಲ್ಲ ಪುಟ್ಟಿ ಅಂತೀವಿ. ಬ್ಯಾಗಲ್ಲಿ ಬಟ್ಟೆಗಿಂತ ಜಾಸ್ತಿ ಜಾಗ ಹಿಡಿದಿದ್ದು ಅವಳ ಕೀಬೋರ್ಡು. ಸಂಜೆ ಜಗಲಿ ಮೇಲೆ ಇಟ್ಕೊಂಡು "ಅಕ್ಕ, ಕೇಳು" ಅಂತ ಒಂದು ಟ್ಯೂನ್ ನುಡಿಸಿದ್ಲು. ಬೀಥೋವನ್ ಬರೆದ "ಫ್ಯೂರ್ ಎಲೀಸ್". ಹೆಸರು ಗೊತ್ತಿಲ್ಲ ಅಂದ್ರೂ ನೀವೆಲ್ಲ ಕೇಳಿರ್ತೀರ. ಹಳೇ ಫೋನ್‌ಗಳ ರಿಂಗ್‌ಟೋನ್, ಕೆಲವು ಗಾಡಿ ರಿವರ್ಸ್ ತೆಗೆಯುವಾಗ ಬರೋ ಸದ್ದು. ತೈವಾನ್‌ನಲ್ಲಿ ಕಸದ ಗಾಡಿ ಬರುತ್ತೆ ಅಂತ ಊರಿಗೆ ತಿಳಿಸೋದೂ ಇದೇ ಟ್ಯೂನು.

ನಾನೂ ಅದನ್ನ ಯೂಟ್ಯೂಬ್ ನೋಡಿ ಕಲ್ತಿದ್ದೆ. ಅವಳು ಮೊದಲನೇ ಭಾಗದ ಎರಡನೇ ಸಾಲಿನ ಕೊನೆಗೆ ಬಂದಾಗ ನಾನು ತಡೆದೆ. "ಅಲ್ಲಿ ತಪ್ಪು ಕಣೆ."

"ಇಲ್ಲಕ್ಕ, ಪುಸ್ತಕದಲ್ಲಿ ಹಿಂಗೇ ಇರೋದು."

"ಪುಸ್ತಕ ತಪ್ಪಿರ್ಬೇಕು. ಅಥವಾ ನೀನು ತಪ್ಪು ಓದಿದ್ದೀಯ."

ನಾನು ನಕ್ಕೆ. ಪಕ್ಕದಲ್ಲಿ ಕೂತಿದ್ದವರೂ ನಕ್ರು. ಅವಳು ಏನೂ ಹೇಳದೆ ಸ್ವಿಚ್ ಆಫ್ ಮಾಡಿ ಕೀಬೋರ್ಡ್ ಕವರಿಗೆ ಹಾಕಿಟ್ಲು. ಉಳಿದ ನಾಲ್ಕು ದಿನ ಅದನ್ನ ತೆಗೀಲೇ ಇಲ್ಲ.

ಅವಳು ಮೈಸೂರಿಗೆ ಹೋದ ಮೇಲೆ ಆ ಪುಸ್ತಕದ ಪುಟ ಫೋಟೋ ತೆಗೆದು ಕಳಿಸು ಅಂದೆ. ಕಳಿಸಿದ್ಲು. ಅವಳು ಹೇಳಿದ್ದು ನಿಜ. ಪುಸ್ತಕದಲ್ಲಿ ಹಾಗೇ ಇತ್ತು.

ಮುಂದಿನ ಆರು ಪೋಸ್ಟ್ ಆ ಒಂದು ಸ್ವರದ ಬಗ್ಗೆ.

📌 2/7

ಮೊದಲು ಜಗಳ ಏನು ಅಂತ ನಮ್ಮ ಭಾಷೇಲಿ ಹೇಳ್ತೀನಿ.

ಈ ಕೃತಿ ಎ ಮೈನರ್‌ನಲ್ಲಿದೆ. ಪಿಯಾನೋದ "ಎ" ಅನ್ನೋ ಮನೆಯನ್ನ ನಮ್ಮ ಷಡ್ಜ ಅಂದ್ಕೊಳ್ಳಿ. ಆಗ ಬಿ ಅಂದ್ರೆ ರಿ, ಸಿ ಅಂದ್ರೆ ಗ, ಡಿ ಅಂದ್ರೆ ಮ, ಇ ಅಂದ್ರೆ ಪ. ಸಂಗೀತ ಕಲ್ತವರು ಕೇಳಿದ್ರೆ ಹೆಚ್ಚುಕಡಿಮೆ ಕೀರವಾಣಿ ಥರ ಅನ್ಸುತ್ತೆ.

ಟ್ಯೂನ್ ಶುರುವಾಗಿ ಏಳನೇ ಗೆರೆಗೆ ಬಂದಾಗ (ಅವರು "ಬಾರ್" ಅಂತಾರೆ, ನಮ್ಮ ಆವರ್ತದ ಥರ ಒಂದು ಅಳತೆ) ಬಲಗೈ ರಿ ಮುಟ್ಟಿ, ಒಂದು ಕ್ಷಣ ಬಿಟ್ಟು, ಮೂರು ಸ್ವರ ಇಳಿದು ಸ ಸೇರುತ್ತೆ.

ನಾನು ಕಲಿತಿದ್ದು: ರಿ, ಆಮೇಲೆ ಪ ಗ ರಿ, ಸ.
ಪುಟ್ಟಿ ನುಡಿಸಿದ್ದು: ರಿ, ಆಮೇಲೆ ಮ ಗ ರಿ, ಸ.

ಇಷ್ಟೇ ವ್ಯತ್ಯಾಸ. ಪ ಇಂದ ಗ ಗೆ ಬಂದ್ರೆ ಒಂದು ಮೆಟ್ಟಿಲು ಹಾರಿದ ಹಾಗೆ. ಮ ಇಂದ ಗ ಗೆ ಬಂದ್ರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹಾಗೆ. ಎರಡೂ ಕಿವಿಗೆ ಹಿತವಾಗೇ ಇದೆ. ಕೀಬೋರ್ಡ್ ಇದ್ದವರು ನುಡಿಸಿ ನೋಡಿ.

ಮಜಾ ಏನು ಅಂದ್ರೆ, ಜಗತ್ತಲ್ಲಿ ಅಚ್ಚಾಗಿರೋ ಪುಸ್ತಕಗಳಲ್ಲೇ ಈ ಜಗಳ ಇದೆ. ಕೆಲವು ಮುದ್ರಣದಲ್ಲಿ ಇ, ಕೆಲವರಲ್ಲಿ ಡಿ. ಎರಡೂ ಕಡೆ ಮೇಲೆ ಬೀಥೋವನ್ ಅಂತಾನೇ ಹೆಸರು. ಎರಡಕ್ಕೂ ಓದಿ ಬರೆಯೋ ವಿದ್ವಾಂಸರ ಬೆಂಬಲ ಇದೆ.

ನಾನು ಬಿಕಾಂ ಓದೋದು. ಆಡಿಟಿಂಗ್ ಕ್ಲಾಸಲ್ಲಿ ನಮಗೆ ಮೊದಲು ಹೇಳಿಕೊಡೋದು ವೌಚಿಂಗ್. ಲೆಡ್ಜರ್‌ನಲ್ಲಿ ನೀಟಾಗಿ ಬರೆದಿದೆ ಅಂತ ನಂಬಬಾರದು, ಅದರ ಹಿಂದೆ ಬಿಲ್ಲೋ ರಸೀದಿಯೋ ಇದೆಯಾ ನೋಡ್ಬೇಕು. ಹಂಗಾದ್ರೆ ಈ ಸ್ವರಕ್ಕೆ ವೌಚರ್ ಎಲ್ಲಿ?

📌 3/7

ವೌಚರ್ ಕಳೆದುಹೋಗಿದೆ.

ಬೀಥೋವನ್ ಸತ್ತಿದ್ದು 1827ರಲ್ಲಿ. ಅವನು ಬದುಕಿದ್ದಾಗ ಈ ಕೃತಿ ಅಚ್ಚೇ ಆಗಿರಲಿಲ್ಲ. ಲುಡ್ವಿಗ್ ನೋಲ್ ಅನ್ನೋ ಜರ್ಮನ್ ವಿದ್ವಾಂಸ ಮ್ಯೂನಿಕ್‌ನಲ್ಲಿ ಒಬ್ಬ ಮಹಿಳೆ ಹತ್ತಿರ ಇದ್ದ ಹಸ್ತಪ್ರತಿ ನೋಡಿ, ನಕಲು ಮಾಡ್ಕೊಂಡು, 1867ರಲ್ಲಿ ಪ್ರಕಟಿಸಿದ. ಅಂದ್ರೆ ಬರೆದವನು ಸತ್ತು 40 ವರ್ಷ ಆದಮೇಲೆ. ಆಮೇಲೆ ಆ ಹಸ್ತಪ್ರತಿ ಕಾಣೆಯಾಯ್ತು. ಇವತ್ತಿನವರೆಗೂ ಸಿಕ್ಕಿಲ್ಲ.

ಹಂಗಾಗಿ ಇವತ್ತು ನಾವು ನುಡಿಸೋದು ನಿಜವಾಗಿ ನೋಲ್ ಕಣ್ಣಿಗೆ ಕಂಡ ಬೀಥೋವನ್. ಬೀಥೋವನ್ ಅಕ್ಷರ ಎಷ್ಟು ಕೆಟ್ಟದು ಅಂದ್ರೆ, ಹೆಸರಿನ ಬಗ್ಗೆನೇ ಜಗಳ ಇದೆ. ಹಸ್ತಪ್ರತಿ ಮೇಲೆ "ಎಲೀಸ್‌ಗೆ, ಏಪ್ರಿಲ್ 27" ಅನ್ನೋ ಅರ್ಥದಲ್ಲಿ ಬರೆದಿತ್ತು ಅಂತ ನೋಲ್ ಹೇಳಿದ. ಅದು 1810ರ ಏಪ್ರಿಲ್ ಅಂತ ಲೆಕ್ಕ. ಆದ್ರೆ ಎಲೀಸ್ ಯಾರು? 1920ರ ದಶಕದಲ್ಲಿ ಮ್ಯಾಕ್ಸ್ ಉಂಗರ್ ಅನ್ನೋರು, ಅದು ಎಲೀಸ್ ಅಲ್ಲ, ತೆರೇಸ್ ಇರ್ಬೇಕು, ನೋಲ್ ತಪ್ಪು ಓದಿದ್ದಾನೆ ಅಂದ್ರು. ತೆರೇಸ್ ಮಾಲ್ಫಟ್ಟಿ ಅನ್ನೋ ಹುಡುಗಿ ಮೇಲೆ ಆ ಕಾಲದಲ್ಲಿ ಬೀಥೋವನ್‌ಗೆ ಮನಸ್ಸಿತ್ತು, ಹಸ್ತಪ್ರತಿ ಬಂದಿದ್ದೂ ಅವಳ ಕಡೆಯಿಂದ ಅಂತಾರೆ. ಇನ್ನು ಕೆಲವರು ಇಲ್ಲ, ಅವಳು ಎಲಿಜಬೆತ್ ರೋಕೆಲ್ ಅನ್ನೋ ಗಾಯಕಿ ಅಂತಾರೆ. ಶೀರ್ಷಿಕೆಯೇ ಹಿಂಗಿದ್ರೆ ಏಳನೇ ಗೆರೆಯ ಒಂದು ಚುಕ್ಕಿ ಯಾವ ಲೆಕ್ಕ?

ಒಂದು ಸಾಕ್ಷಿ ಉಳಿದಿದೆ. ಜರ್ಮನಿಯ ಬಾನ್ ಊರಲ್ಲಿ ಬೀಥೋವನ್ ಹುಟ್ಟಿದ ಮನೆ ಈಗ ಮ್ಯೂಸಿಯಂ. ಅಲ್ಲಿ ಈ ಕೃತಿಯ ಕರಡು ಇದೆ. ಕರಡು ಅಂದ್ರೆ ನಮ್ಮ ರಫ್ ನೋಟ್ಸ್ ಥರ, ಗೀಚಿದ್ದು, ಹೊಡೆದು ಹಾಕಿದ್ದು, ಮೇಲೆ ಬರೆದಿದ್ದು. ವಿದ್ವಾಂಸರು ಅದನ್ನ ಇಟ್ಕೊಂಡು ನೋಲ್ ಮುದ್ರಣದ ಜೊತೆ ತಾಳೆ ನೋಡ್ತಾರೆ.

ಇನ್ನೊಂದು ವಿಷಯ ನನಗೆ ತುಂಬಾ ಆಶ್ಚರ್ಯ ಆಗಿದ್ದು. 1822ರಲ್ಲಿ, ಅಂದ್ರೆ 12 ವರ್ಷ ಬಿಟ್ಟು, ಬೀಥೋವನ್ ಅದೇ ಕರಡು ಹಾಳೆಗಳನ್ನ ಮತ್ತೆ ತೆಗೆದು ತಿದ್ದೋಕೆ ಕೂತಿದ್ದ. ಎಡಗೈ ಸ್ವರಗಳು ಸ್ವಲ್ಪ ತಡವಾಗಿ ಬರೋ ಹಾಗೆ ಬದಲಾಯಿಸಿದ. ಬ್ಯಾರಿ ಕೂಪರ್ ಅನ್ನೋ ಇಂಗ್ಲಿಷ್ ವಿದ್ವಾಂಸರು ಆ ತಿದ್ದುಪಡಿಗಳನ್ನ ಓದಿ ಆ ರೂಪವನ್ನೂ ಅಚ್ಚು ಮಾಡಿದ್ದಾರೆ. ಅಂದ್ರೆ ಬೀಥೋವನ್‌ಗೇ ಇದರ ಒಂದೇ ರೂಪ ಅಂತ ಇರಲಿಲ್ಲ!

📌 4/7

ನೀವು ಕೇಳಬಹುದು: ಸರಿ, ಬರೆದವನು ಸತ್ತಮೇಲೆ ಅಚ್ಚಾಗಿದ್ದಕ್ಕೆ ಈ ಗೋಳು. ಬದುಕಿದ್ದಾಗಲೇ ಅಚ್ಚಾದ್ರೆ?

ಆಗ ಗೋಳು ಮೂರು ಪಟ್ಟು.

ಶೋಪಾನ್ ಅಂತ ಪೋಲೆಂಡಿನ ಸಂಗೀತಗಾರ. ಇದ್ದಿದ್ದು ಪ್ಯಾರಿಸ್‌ನಲ್ಲಿ. ಅವನ ಕಾಲದಲ್ಲಿ ಒಂದು ದೇಶದ ಕಾಪಿರೈಟ್ ಇನ್ನೊಂದು ದೇಶದಲ್ಲಿ ನಡೀತಿರಲಿಲ್ಲ. ಪ್ಯಾರಿಸ್‌ನಲ್ಲಿ ಮಾತ್ರ ಅಚ್ಚು ಹಾಕಿದ್ರೆ ನಾಳೆ ಜರ್ಮನಿಯವನು ಫ್ರೀಯಾಗಿ ನಕಲು ಹೊಡೀತಾನೆ, ಒಂದು ಕಾಸೂ ಬರಲ್ಲ. ಅದಕ್ಕೆ ಅವನು ಒಂದೇ ಕೃತಿಯನ್ನ ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್ ಮೂರೂ ಕಡೆಯ ಪ್ರಕಾಶಕರಿಗೆ ಹೆಚ್ಚುಕಡಿಮೆ ಒಟ್ಟಿಗೆ ಮಾರ್ತಿದ್ದ. ಬಿಸಿನೆಸ್ ಲಾ ಓದೋರಿಗೆ ಇದು ತಕ್ಷಣ ಅರ್ಥ ಆಗುತ್ತೆ.

ಜೆರಾಕ್ಸ್ ಇಲ್ಲದ ಕಾಲ. ಮೂರು ಪ್ರತಿ ಅಂದ್ರೆ ಕೈಯಲ್ಲೇ ನಕಲು ಮಾಡ್ಬೇಕು, ಕೆಲವು ಸಲ ಅವನು, ಕೆಲವು ಸಲ ಸ್ನೇಹಿತರು. ಒಂದರಲ್ಲಿ ಒಂದು ಚಿಹ್ನೆ ಬಿಟ್ಟುಹೋಗುತ್ತೆ. ಕಳಿಸಿದ ಮೇಲೆ ಪ್ಯಾರಿಸ್ ಪ್ರೂಫಲ್ಲಿ ಅವನು ಇನ್ನೇನೋ ತಿದ್ದುತ್ತಾನೆ, ಆ ತಿದ್ದುಪಡಿ ಲೈಪ್ಸಿಗ್‌ಗೆ ತಲುಪಲ್ಲ. ಲಂಡನ್ ಪ್ರಕಾಶಕ ವೆಸೆಲ್ ಅಂತೂ ತನ್ನ ಕಡೆಯಿಂದ ಹೆಸರೇ ಸೇರಿಸ್ತಿದ್ದ. ಶೋಪಾನ್ ಸುಮ್ನೆ "ನಾಕ್ಟರ್ನ್" ಅಂದಿದ್ದನ್ನ ಇವನು "ಸೇನ್ ನದಿಯ ಪಿಸುಮಾತು" ಅನ್ನೋ ಥರ ಮಾಡಿ ಮಾರಿದ. ಶೋಪಾನ್‌ಗೆ ಇದು ಕಂಡ್ರೆ ಆಗ್ತಿರಲಿಲ್ಲ.

ಇದರ ಫಲ ನೋಡಿ. 1839ರಲ್ಲಿ ಅಚ್ಚಾದ ಅವನ 24 ಪ್ರಿಲ್ಯೂಡ್‌ಗಳಲ್ಲಿ 20ನೇದು ಸಿ ಮೈನರ್‌ನಲ್ಲಿದೆ. ಬರೀ 13 ಗೆರೆ, ಒಂದೇ ಪುಟಕ್ಕಿಂತ ಕಮ್ಮಿ. ಶವಯಾತ್ರೆ ನಡೆದ ಹಾಗೆ ನಿಧಾನ. ಅದರ ಮೂರನೇ ಗೆರೆಯ ಕೊನೆಯಲ್ಲಿ "ಇ" ಅನ್ನೋ ಸ್ವರ ನ್ಯಾಚುರಲ್ಲೋ ಫ್ಲ್ಯಾಟೋ? ಸಿ ಷಡ್ಜ ಅಂದ್ಕೊಂಡ್ರೆ, ಅಂತರ ಗಾಂಧಾರವೋ ಸಾಧಾರಣ ಗಾಂಧಾರವೋ ಅನ್ನೋ ಪ್ರಶ್ನೆ. ನಮಗೆ ಇದು ಸಣ್ಣದಲ್ಲ, ಗಾಂಧಾರ ಬದಲಾದ್ರೆ ರಾಗಾನೇ ಬದಲಾಗುತ್ತಲ್ಲ!

ಶೋಪಾನ್ ಹಸ್ತಪ್ರತಿಯಲ್ಲಿ ಆ ಜಾಗದಲ್ಲಿ ಫ್ಲ್ಯಾಟ್ ಚಿಹ್ನೆ ಇಲ್ಲ. ಅದೇ ಗೆರೆಯೊಳಗೆ ಮುಂಚೆ "ಇ" ನ್ಯಾಚುರಲ್ ಆಗಿರೋದ್ರಿಂದ ನಿಯಮದ ಪ್ರಕಾರ ಅದೂ ನ್ಯಾಚುರಲ್ಲೇ, ಅಂತರ ಗಾಂಧಾರ. ದುಃಖದ ಮಧ್ಯೆ ಒಂದು ಕ್ಷಣ ಬೆಳಕು ಬಿದ್ದ ಹಾಗೆ. ಆದ್ರೆ ಅವನ ಶಿಷ್ಯೆ ಜೇನ್ ಸ್ಟರ್ಲಿಂಗ್ ಪಾಠಕ್ಕೆ ತರ್ತಿದ್ದ ಅಚ್ಚಿನ ಪ್ರತಿಯಲ್ಲಿ ಅಲ್ಲಿ ಪೆನ್ಸಿಲ್‌ನಲ್ಲಿ ಫ್ಲ್ಯಾಟ್ ಸೇರಿಸಿದೆ. ಹಂಗಾದ್ರೆ ಬೆಳಕಿಲ್ಲ, ಕತ್ತಲು ಕತ್ತಲಾಗೇ ಉಳಿಯುತ್ತೆ. ಬರೆಯುವಾಗ ಮರೆತನಾ? ಆಮೇಲೆ ಮನಸ್ಸು ಬದಲಾಯಿಸಿದನಾ? ಇವತ್ತಿಗೂ ಕೆಲವರು ಹಂಗೆ, ಕೆಲವರು ಹಿಂಗೆ ನುಡಿಸ್ತಾರೆ.

ಬೀಥೋವನ್ ವಿಷಯದಲ್ಲಿ ವೌಚರ್ ಇಲ್ಲ. ಶೋಪಾನ್ ವಿಷಯದಲ್ಲಿ ಒಂದೇ ಖರ್ಚಿಗೆ ಬೇರೆ ಬೇರೆ ವೌಚರ್ ಇದೆ, ಎಲ್ಲದಕ್ಕೂ ಅವನದೇ ಸಹಿ.

📌 5/7

ಮಧ್ಯೆ ಒಂದು ಕೆಲಸಕ್ಕೆ ಬರೋ ವಿಷಯ. ಕೀಬೋರ್ಡ್ ಕಲೀತಿರೋರು ಸೇವ್ ಮಾಡ್ಕೊಳ್ಳಿ.

ನಾವೆಲ್ಲ ನೋಟ್ಸ್ ಎಲ್ಲಿಂದ ತಗೋತೀವಿ? ನೆಟ್‌ನಲ್ಲಿ ಫ್ರೀ ಪಿಡಿಎಫ್. ಅದು ಯಾಕೆ ಫ್ರೀ? ಹೆಚ್ಚಿನ ಸಲ ಅದರ ಕಾಪಿರೈಟ್ ಮುಗಿದಿರುತ್ತೆ. ನಮ್ಮ ದೇಶದಲ್ಲಿ ಬರೆದವರು ಸತ್ತು 60 ವರ್ಷಕ್ಕೆ ಮುಗಿಯುತ್ತೆ. ಅಂದ್ರೆ ಫ್ರೀಯಾಗಿ ಸಿಗೋದು ಸಾಮಾನ್ಯವಾಗಿ ತುಂಬಾ ಹಳೇ ಮುದ್ರಣ.

ಹಳೇ ಮುದ್ರಣ ಅಂದ್ರೆ ಮೂಲಕ್ಕೆ ಹತ್ತಿರ ಅಂತ ನಾನೂ ಅಂದ್ಕೊಂಡಿದ್ದೆ. ಉಲ್ಟಾ. 19ನೇ ಶತಮಾನದ ಕೊನೆಯಲ್ಲಿ ಪ್ರಸಿದ್ಧ ಪಿಯಾನೋ ಮೇಷ್ಟ್ರುಗಳು ಸಂಪಾದಕರಾಗಿ, ಇಲ್ಲಿ ಜೋರು, ಇಲ್ಲಿ ಮೆಲ್ಲಗೆ, ಇಲ್ಲಿ ಪೆಡಲ್, ಇಲ್ಲಿ ಈ ಬೆರಳು ಅಂತ ತಮ್ಮ ಪಾಠವನ್ನೆಲ್ಲ ಅದರೊಳಗೆ ಸೇರಿಸ್ತಿದ್ರು. ಕೆಲವು ಸಲ ಸ್ವರವನ್ನೇ "ಸರಿ" ಮಾಡ್ತಿದ್ರು. ಯಾವುದು ಮೂಲದ್ದು, ಯಾವುದು ಮೇಷ್ಟ್ರದ್ದು ಅಂತ ಗುರುತಿಸೋಕೆ ಬೇರೆ ಬಣ್ಣ ಇರಲಿಲ್ಲ, ಬೇರೆ ಅಕ್ಷರ ಇರಲಿಲ್ಲ. ಸೀನಿಯರ್ ಕೊಟ್ಟ ನೋಟ್ಸಲ್ಲಿ ಲೆಕ್ಚರರ್ ಹೇಳಿದ್ದು ಯಾವುದು, ಸೀನಿಯರ್ ಸೇರಿಸಿದ್ದು ಯಾವುದು ಗೊತ್ತಾಗಲ್ವಲ್ಲ, ಹಂಗೆ.

ಇದಕ್ಕೆ ಉತ್ತರವಾಗಿ ಬಂದಿದ್ದು "ಉರ್‌ಟೆಕ್ಸ್ಟ್" ಮುದ್ರಣಗಳು. ಜರ್ಮನ್‌ನಲ್ಲಿ ಮೂಲಪಾಠ ಅಂತ ಅರ್ಥ. ಗುಂಟರ್ ಹೆನ್ಲೆ ಅನ್ನೋರು 1948ರಲ್ಲಿ ಇದಕ್ಕಂತಾನೇ ಒಂದು ಪ್ರಕಾಶನ ಶುರು ಮಾಡಿದ್ರು. ಹಸ್ತಪ್ರತಿ, ಮೊದಲ ಮುದ್ರಣ, ತಿದ್ದಿದ ಪ್ರೂಫ್ ಎಲ್ಲ ತಾಳೆ ನೋಡಿ, ಎಲ್ಲಿ ವ್ಯತ್ಯಾಸ ಇದೆ, ನಾವು ಯಾಕೆ ಇದನ್ನ ಆರಿಸಿದ್ವಿ ಅಂತ ಟಿಪ್ಪಣಿ ಕೊಡ್ತಾರೆ.

ಇದು ಯುರೋಪಿನವರ ಕಂಡುಹಿಡಿತ ಅಂದ್ಕೋಬೇಡಿ. ಕನ್ನಡದಲ್ಲಿ ಇದಕ್ಕೆ ಚೆನ್ನಾದ ಪದ ಇದೆ: ಪಾಠಾಂತರ. ನಮ್ಮ ಹಳಗನ್ನಡ ಕಾವ್ಯಗಳ ಸಂಪಾದಕರು ಬೇರೆ ಬೇರೆ ಓಲೆಗರಿ ಇಟ್ಕೊಂಡು ಇದನ್ನೇ ಮಾಡಿದ್ದು. ಒಂದು ಪ್ರತಿಯಲ್ಲಿ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ ಅಂತ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕ್ತಾರೆ. ಪಿಯುಸಿಯಲ್ಲಿ ಹಳಗನ್ನಡ ಓದುವಾಗ ಆ ಸಣ್ಣ ಅಕ್ಷರ ನಾನು ಒಂದು ದಿನಾನೂ ನೋಡಿರಲಿಲ್ಲ.

📌 6/7

ಈಗ ನಮ್ಮ ಊರ ಕಡೆಗೆ ಬರ್ತೀನಿ. ಇದನ್ನ ಹೇಳೋಕೆ ಅಂತಾನೇ ಈ ಸೀರೀಸ್ ಬರೆದಿದ್ದು.

ಬರೆದವನು ಬದುಕಿದ್ದಾಗಲೇ ಅವನನ್ನೇ ಕೂರಿಸಿ ನುಡಿಸಿ ರೆಕಾರ್ಡ್ ಮಾಡ್ಬಿಟ್ರೆ? ಆಗ ಅಚ್ಚಿನ ಪುಸ್ತಕದ ಜೊತೆ ತಾಳೆ ನೋಡೋಕೆ ಒಂದು ಜೀವಂತ ಸಾಕ್ಷಿ ಸಿಗುತ್ತಲ್ವಾ? ಅದನ್ನ ಮಾಡಿಸಿದ್ದು ಯಾರು ಗೊತ್ತಾ? ಮೈಸೂರು ಮಹಾರಾಜರು.

ನಮ್ಮ ಕೃಷ್ಣರಾಜನಗರಕ್ಕೆ ಹೆಸರು ಬಂದಿರೋದು ನಾಲ್ವಡಿ ಕೃಷ್ಣರಾಜ ಒಡೆಯರಿಂದ. ಅವರ ತಮ್ಮನ ಮಗ ಜಯಚಾಮರಾಜೇಂದ್ರ ಒಡೆಯರ್, 1940ರಲ್ಲಿ ಪಟ್ಟಕ್ಕೆ ಬಂದವರು. ಅವರು 94 ಕರ್ನಾಟಕ ಸಂಗೀತ ಕೃತಿಗಳನ್ನ ರಚಿಸಿದ್ದು ಹಲವರಿಗೆ ಗೊತ್ತು. ಪಿಯಾನೋ ಕೂಡ ಗಂಭೀರವಾಗಿ ಕಲ್ತಿದ್ರು, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದಿದ್ರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ.

ಅದೇ ಕಾಲಕ್ಕೆ ಲಂಡನ್ನಲ್ಲಿ ನಿಕೊಲಾಯ್ ಮೆಟ್ನರ್ ಅಂತ ಒಬ್ಬ ರಷ್ಯನ್ ಸಂಗೀತಗಾರ ಇದ್ರು. ಪ್ರಸಿದ್ಧ ರಾಖ್ಮನಿನಾಫ್ ಅವರ ಸ್ನೇಹಿತರು. ಜೀವನಪೂರ್ತಿ ಪಿಯಾನೋಗೆ ಬರೆದವರು. ಆದ್ರೆ ವಯಸ್ಸಾಗಿತ್ತು, ಹೃದಯದ ಕಾಯಿಲೆ, ಕೈಯಲ್ಲಿ ದುಡ್ಡಿಲ್ಲ, ಜನಕ್ಕೆ ಅವರ ಹೆಸರೂ ಅಷ್ಟಾಗಿ ಗೊತ್ತಿರಲಿಲ್ಲ. ಮಹಾರಾಜರಿಗೆ ಅವರ ಸಂಗೀತ ಇಷ್ಟ. ದುಡ್ಡು ಕೊಟ್ಟು ಮೆಟ್ನರ್ ಸೊಸೈಟಿ ಅಂತ ಕಟ್ಟಿಸಿ, ಅವರ ಕೃತಿಗಳನ್ನ ಅವರ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿಸಿದ್ರು. ಎಚ್‌ಎಂವಿ ಕಂಪನಿ ಆ ರೆಕಾರ್ಡ್ ತಂದಿತು. ನಾಯಿ ಗ್ರಾಮಾಫೋನ್ ಮುಂದೆ ಕೂತಿರೋ ಆ ಚಿತ್ರ ನೆನಪಿದೆಯಲ್ಲ, ಅದೇ.

1947ರಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಅವರ ಪಿಯಾನೋ ಕಾನ್ಚೆರ್ಟೋಗಳು ರೆಕಾರ್ಡ್ ಆದಾಗ ಮೆಟ್ನರ್‌ಗೆ 67 ವರ್ಷ. ಅವು 78 ಆರ್‌ಪಿಎಂ ತಟ್ಟೆಗಳ ಕಾಲ, ಒಂದು ಬದಿಗೆ ನಾಲ್ಕೈದು ನಿಮಿಷ ಅಷ್ಟೇ. ಈಗಿನ ಥರ ಕಟ್ ಮಾಡಿ ಜೋಡಿಸೋ ಹಾಗಿರಲಿಲ್ಲ. ತಪ್ಪಿದ್ರೆ ಆ ಬದಿ ಮತ್ತೆ ಮೊದಲಿಂದ. ಹೃದಯದ ಕಾಯಿಲೆಯವರು ಹಂಗೆ ಕೂತು ಮೂರೂ ಕಾನ್ಚೆರ್ಟೋ, ಎಷ್ಟೋ ಬಿಡಿ ಕೃತಿಗಳು, ಹಾಡುಗಳು ಎಲ್ಲ ನುಡಿಸಿಟ್ರು. 1951ರಲ್ಲಿ ತೀರಿಕೊಂಡ್ರು. ತಮ್ಮ ಮೂರನೇ ಪಿಯಾನೋ ಕಾನ್ಚೆರ್ಟೋವನ್ನ ಮೈಸೂರು ಮಹಾರಾಜರಿಗೆ ಅರ್ಪಿಸಿದ್ರು.

1947. ನಮಗೆ ಸ್ವಾತಂತ್ರ್ಯ ಬಂದ ವರ್ಷ, ಮೈಸೂರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆದ ವರ್ಷ. ಆ ಹೊತ್ತಲ್ಲಿ ಸಂಸ್ಥಾನದ ರಾಜರು ಲಂಡನ್ನಿನ ಸಂಗೀತಕ್ಕೆ ದುಡ್ಡು ಕೊಡೋದು ಸರೀನಾ ಅಂತ ನನ್ನ ಕ್ಲಾಸ್‌ಮೇಟ್ ಒಬ್ಬ ಕೇಳಿದ. ಕೇಳಬೇಕಾದ ಪ್ರಶ್ನೆನೇ. ಆ ದುಡ್ಡು ಯಾರ ಬೆವರಿಂದ ಬಂದಿದ್ದು ಅಂತ ಭೇರ್ಯದ ರೈತರ ಮನೆ ಮಗಳಾಗಿ ನಾನೂ ಕೇಳ್ತೀನಿ. ಆದ್ರೆ ಆ ದುಡ್ಡು ಇಲ್ದಿದ್ರೆ ಮೆಟ್ನರ್ ತಮ್ಮ ಸಂಗೀತವನ್ನ ಹೇಗೆ ಕೇಳಿಸಿಕೊಂಡಿದ್ರು ಅನ್ನೋದರ ಇಷ್ಟು ದೊಡ್ಡ ಸಾಕ್ಷಿ ಉಳೀತಿರಲಿಲ್ಲ ಅನ್ನೋದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಕೊಂಡೇ ನಾನು ಆ ರೆಕಾರ್ಡ್ ಕೇಳಿದ್ದು.

ಹಂಗಂತ ರೆಕಾರ್ಡೇ ಕೊನೆ ಮಾತಾ? ಅದೂ ಅಲ್ಲ. ಅದು ಆ ದಿನ, ಆ ವಯಸ್ಸಲ್ಲಿ, ಆ ನಾಲ್ಕೈದು ನಿಮಿಷದ ಗಡುವಲ್ಲಿ ನುಡಿಸಿದ್ದು. ಪುಸ್ತಕ ಒಂದು ಸಾಕ್ಷಿ, ರೆಕಾರ್ಡ್ ಇನ್ನೊಂದು ಸಾಕ್ಷಿ. ತಾಳೆ ನೋಡೋ ಕೆಲಸ ನಮಗೇ ಉಳಿಯುತ್ತೆ.

📌 7/7

ಕೊನೇ ಪೋಸ್ಟ್.

ನಮ್ಮ ಅಜ್ಜಿ ಹಾಡೋ ದಾಸರ ಪದದಲ್ಲಿ ಒಂದು ಸಾಲು ನಮ್ಮ ಭಜನೆ ಪುಸ್ತಕಕ್ಕಿಂತ ಬೇರೆ ಇದೆ. ಚಿಕ್ಕವಳಿದ್ದಾಗ ನಾನು ಪುಸ್ತಕ ಹಿಡಿದು "ಅಜ್ಜಿ, ತಪ್ಪು" ಅಂತಿದ್ದೆ. ಅಜ್ಜಿ "ನಮ್ಮವ್ವ ಹಿಂಗೇ ಹೇಳ್ತಿದ್ದುದು ಕಣವ್ವ" ಅಂದು ತಮ್ಮದನ್ನೇ ಹಾಡೋರು. ದಾಸರ ಪದಗಳು ಅಚ್ಚಿಗೆ ಬಂದಿದ್ದೇ 19ನೇ ಶತಮಾನದಲ್ಲಿ, ಪುರಂದರದಾಸರು ಹೋಗಿ ಮುನ್ನೂರು ವರ್ಷ ಆಗಿತ್ತು. ಅಲ್ಲಿವರೆಗೆ ಅವು ಉಳಿದಿದ್ದು ಓಲೆಗರಿಯಲ್ಲಿ ಮತ್ತೆ ಅಜ್ಜಿ ಥರದವರ ಬಾಯಲ್ಲಿ. ಅಚ್ಚಾದ ಪುಸ್ತಕವೂ ಯಾರೋ ಒಬ್ಬರ ಬಾಯಿಂದಲೋ ಪ್ರತಿಯಿಂದಲೋ ಬಂದಿದ್ದೇ. ಅಂದ್ರೆ ಅಜ್ಜಿಯೂ ಒಂದು ಪಾಠಾಂತರ.

ಹಂಗಂತ ಯಾರು ಏನು ನುಡಿಸಿದ್ರೂ ಸರಿ ಅಂತ ಹೇಳ್ತಿಲ್ಲ. ಏಳನೇ ಗೆರೆಯಲ್ಲಿ ನಿ ಒತ್ತಿದ್ರೆ ಅದು ತಪ್ಪೇ, ಯಾಕಂದ್ರೆ ಅದಕ್ಕೆ ಯಾವ ಸಾಕ್ಷಿಯೂ ಇಲ್ಲ. ಪ ಗೆ ಸಾಕ್ಷಿ ಇದೆ, ಮ ಗೂ ಇದೆ. ತಪ್ಪು ಅನ್ನೋ ಮುಂಚೆ "ನಿನ್ನ ಪುಸ್ತಕ ಯಾವುದು, ತೋರಿಸು" ಅನ್ಬೇಕಿತ್ತು. ನಾನು ಕಲ್ತಿದ್ದು ಒಂದೇ ಒಂದು ವಿಡಿಯೋದಿಂದ. ಒಂದೇ ವೌಚರ್ ನೋಡಿ ಎದುರಿನವರ ಲೆಕ್ಕ ಕಳ್ಳಲೆಕ್ಕ ಅಂದ್ಬಿಟ್ಟೆ. ಆಡಿಟಿಂಗ್ ಪೇಪರಲ್ಲಿ ಹಿಂಗೆ ಬರೆದ್ರೆ ಸೊನ್ನೆ.

ಹೋದ ಭಾನುವಾರ ಕೆ.ಆರ್. ನಗರದಿಂದ ಬಸ್ ಹತ್ತಿ ಮೈಸೂರಿಗೆ ಚಿಕ್ಕಮ್ಮನ ಮನೆಗೆ ಹೋದೆ. ಪುಟ್ಟಿಗೆ ಎರಡೂ ಮುದ್ರಣದ ಆ ಗೆರೆಯನ್ನ ಅಕ್ಕಪಕ್ಕ ಇಟ್ಟು ತೋರಿಸಿದೆ. "ನೀನು ಸರಿಯಾಗೇ ಓದಿದ್ದೆ. ನಂದೇ ತಪ್ಪು. ಎಲ್ಲರ ಮುಂದೆ ನಗಬಾರದಿತ್ತು, ಸಾರಿ ಕಣೆ" ಅಂದೆ.

ಅವಳು ಎರಡನ್ನೂ ನೋಡಿದ್ಲು. ಕೀಬೋರ್ಡ್ ತೆಗೆದು ಪ ಹಾಕಿ ಒಂದು ಸಲ, ಮ ಹಾಕಿ ಒಂದು ಸಲ ನುಡಿಸಿದ್ಲು.

"ನಂಗೆ ಮ ನೇ ಇಷ್ಟ ಅಕ್ಕ. ನೀನು ಬೇಕಾದ್ರೆ ಪ ನುಡಿಸ್ಕೋ."

ಕಾಮೆಂಟಲ್ಲಿ ಹೇಳಿ, ನಿಮ್ಮ ಕಿವಿಗೆ ಯಾವುದು? ಮತ್ತೆ ನಿಮ್ಮ ಮನೇಲಿ ಅಜ್ಜಿಯೋ ಅಮ್ಮನೋ ಪುಸ್ತಕಕ್ಕಿಂತ ಬೇರೆ ಥರ ಹಾಡೋ ಹಾಡು ಇದ್ರೆ, ತಿದ್ದೋ ಮುಂಚೆ ಫೋನ್‌ನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಅದಕ್ಕೆ ಮಹಾರಾಜರ ದುಡ್ಡೇನೂ ಬೇಡ.

#ಪಾಠಾಂತರ #ಫ್ಯೂರ್_ಎಲೀಸ್ #ಮೈಸೂರು_ಇತಿಹಾಸ #ಭೇರ್ಯ #ಬಿಕಾಂ_ಹುಡುಗಿಯ_ಇತಿಹಾಸ